ಆಕಾಶದಲ್ಲಿ ಆಜ್ಞೆ ತಪ್ಪಿದಾಗ

2009ನೆಯ ಇಸವಿಯ ಏಪ್ರಿಲ್ 5, ಭಾನುವಾರ. ಕೋಲಾರದ ಸಮೀಪದಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿರ್ಮಿಸಿ ಆಮೇಲೆ ಕೈಬಿಟ್ಟಿದ್ದ ಹಳೆಯ ವಿಮಾನದಾರಿಯೊಂದರಿಂದ ಅಂದು ಮುಂಜಾನೆ ಒಂದು ವಿಮಾನವು ಮೇಲೆದ್ದಿತು. ಅದರೊಳಗೆ ಚಾಲಕನಿರಲಿಲ್ಲ. 1.8 ಕಿಲೋಮೀಟರು ಎತ್ತರಕ್ಕೇರಿ, 35 ನಿಮಿಷಗಳ ಕಾಲ ಆಕಾಶದಲ್ಲಿ ಸಂಚರಿಸಿ, ಒಟ್ಟು 40 ನಿಮಿಷಗಳ ಹಾರಾಟದ ತರುವಾಯ ಅದು ಮೊದಲೇ ಗೊತ್ತುಪಡಿಸಿದ್ದ ಒಂದು ಒಣಕೆರೆಯ ಅಂಗಳದಲ್ಲಿ ಕ್ಷೇಮವಾಗಿ ಇಳಿಯಿತು. ಬೆಂಗಳೂರಿನ ಎ.ಡಿ.ಇ. ಸಂಸ್ಥೆಯವರು ರೂಪಿಸಿದ 'ನಿಶಾಂತ್' ಎಂಬ ಈ ವಿಮಾನಕ್ಕೆ ನಮ್ಮ ದೇಶದಲ್ಲೇ ತಯಾರಾದ ವಾಂಕೆಲ್ ಮಾದರಿಯ ಎಂಜಿನನ್ನು ಜೋಡಿಸಿ ನಡೆಸಿದ ಮೊದಲ ಹಾರಾಟವದು. ಸುಮಾರು 30 ಕಿಲೋಗ್ರಾಂ ತೂಕದ ಆ ಎಂಜಿನಿನ ಗುಣಗಾನವನ್ನು ಅಂದಿನ ಪತ್ರಿಕೆಗಳು ಸಾಕಷ್ಟು ಮಾಡಿದವು. ನಾವು ಇಲ್ಲಿ ಗಮನಿಸಬೇಕೆಂದಿರುವುದು ಎಂಜಿನನ್ನಲ್ಲ, ಆ ಒಣಕೆರೆಯನ್ನು. ಸುಮಾರು 380 ಕಿಲೋಗ್ರಾಂ ತೂಗುವ, ಚಾಲಕನಿಲ್ಲದ ಯಂತ್ರವೊಂದನ್ನು ಪರೀಕ್ಷಿಸುವವರು ಹಾರುವ ಜಾಗದಷ್ಟೇ ಶ್ರದ್ಧೆಯಿಂದ ಬೀಳುವ ಜಾಗವನ್ನೂ ಆರಿಸಿಕೊಳ್ಳಬೇಕಾಗುತ್ತದೆ.

ಹೀಗೆ ಆರಿಸಿಕೊಳ್ಳುವುದು ಎಷ್ಟು ಅಗತ್ಯವೆಂಬುದನ್ನು ಮುಂದಿನ ವರ್ಷಗಳು ತೋರಿಸಿಕೊಟ್ಟವು. ಭೂಸೇನೆಗೆ ಒಪ್ಪಿಸಿದ್ದ ನಾಲ್ಕು ನಿಶಾಂತ್ ವಿಮಾನಗಳೂ ಒಂದರ ಹಿಂದೊಂದು ಅಪಘಾತಕ್ಕೀಡಾದವು. ನಾಲ್ಕನೆಯದು ಬಿದ್ದದ್ದು 2015ರ ನವೆಂಬರಿನಲ್ಲಿ. 2019ರ ಸೆಪ್ಟೆಂಬರ್ 17ರಂದು ಅದೇ ಸಂಸ್ಥೆಯ 'ರುಸ್ತುಂ-2' ಎಂಬ ಇನ್ನೂ ದೊಡ್ಡ ವಿಮಾನವು ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಬಳಿ ಜಮೀನೊಂದರಲ್ಲಿ ಬಿದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಸುತ್ತಲಿನ ಊರಿನವರೆಲ್ಲ ಅದನ್ನು ನೋಡಲು ಓಡಿಬಂದರು. ವಿಮಾನ ಬಿದ್ದಲ್ಲಿಗೆ ಜನ ಓಡಿಬರುವುದು ಸಹಜ. ಜನವಿದ್ದಲ್ಲಿಗೆ ವಿಮಾನ ಬಂದು ಬೀಳಬಾರದು ಎಂಬುದಷ್ಟೇ ನಮ್ಮ ಇಂದಿನ ಪಾಠದ ವಿಷಯ.

ಸರಕಾರದ ದೊಡ್ಡ ಸಂಸ್ಥೆಗಳ ಮಾತು ಹಾಗಿರಲಿ. ಇಂದು ಹವ್ಯಾಸಿಗಳೂ ಜೆಟ್ ಎಂಜಿನ್ನಿನ ಪುಟ್ಟ ವಿಮಾನಗಳನ್ನು ಹಾರಿಸುತ್ತಾರೆ. 1983ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಒಂದು ಮಾದರಿ ವಿಮಾನವು ತನ್ನದೇ ಟರ್ಬೈನ್ ಎಂಜಿನ್ನಿನಿಂದ ಹಾರಿತು. ಕೆಲವು ವರ್ಷಗಳ ಬಳಿಕ ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಎಂಬವರು ಮರದ ಹಲಗೆಯಿಂದ ಗಾಳಿಯೊತ್ತುವ ಚಕ್ರವನ್ನು ಮಾಡಿ, ಮನೆಯ ಕಮ್ಮಟದಲ್ಲೇ ಜೆಟ್ ಎಂಜಿನ್ ಕಟ್ಟಬಹುದೆಂದು ತೋರಿಸಿದರು. ಈಗ ದೊರೆಯುವ ಅಂಗೈಯಗಲದ ಎಂಜಿನ್ನುಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಗಿಲಾಗಿ ಸುತ್ತುತ್ತವೆ. ಅವುಗಳ ಬಾಲದಿಂದ ಹೊಮ್ಮುವ ಅನಿಲದ ಉಷ್ಣತೆ 600 ಡಿಗ್ರಿ ಸೆಲ್ಸಿಯಸಿಗೆ ಮುಟ್ಟುತ್ತದೆ. ಇವಕ್ಕೆ ಉರುವಲು ಸೀಮೆಎಣ್ಣೆ. ಇಂಥ ವಿಮಾನಕ್ಕೂ ಹಾರಿಸುವವನ ಕೈಗೂ ನಡುವೆ ಇರುವ ಸಂಬಂಧವೆಂದರೆ ಕಣ್ಣಿಗೆ ಕಾಣದ ರೇಡಿಯೋ ಅಲೆಯೊಂದೇ.

ಈಗ ಒಂದು ಲೆಕ್ಕ ಮಾಡಿ ನೋಡೋಣ. 10 ಕಿಲೋಗ್ರಾಂ ತೂಕದ ಮಾದರಿ ಜೆಟ್ ಗಂಟೆಗೆ 200 ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆ ಎನ್ನಿ. ಅಂದರೆ ಸೆಕೆಂಡಿಗೆ ಸುಮಾರು 55 ಮೀಟರು. ಅದರ ಚಲನಶಕ್ತಿ, ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ, 15,000 ಜೌಲಿಗಿಂತ ಹೆಚ್ಚು. 50 ಕಿಲೋಗ್ರಾಮಿನ ಸಿಮೆಂಟು ಮೂಟೆಯನ್ನು ಹತ್ತನೆಯ ಅಂತಸ್ತಿನಿಂದ ಕೆಳಕ್ಕೆ ಬಿಟ್ಟರೆ ನೆಲ ಮುಟ್ಟುವಾಗ ಅದರಲ್ಲಿರುವ ಶಕ್ತಿ ಸರಿಸುಮಾರು ಇಷ್ಟೇ. ಇದನ್ನು ಆಟಿಕೆಯೆಂದು ಕರೆಯುವುದು ನಮಗೆ ಒಪ್ಪಿಗೆಯಿಲ್ಲ. ಆಜ್ಞೆಯು ಎರಡು ಸೆಕೆಂಡು ತಲುಪದಿದ್ದರೆ ಈ ಮೂಟೆಯು ನೂರು ಮೀಟರಿಗಿಂತ ಹೆಚ್ಚು ದೂರವನ್ನು ಯಾರ ಹತೋಟಿಯೂ ಇಲ್ಲದೆ ಸಾಗಿರುತ್ತದೆ.

ದೂರದಿಂದ ಅಲೆಯ ಮೂಲಕ ಯಂತ್ರವನ್ನು ನಡೆಸುವ ವಿದ್ಯೆಯು ಹೊಸತಲ್ಲ. 1895ರ ಸುಮಾರಿಗೆ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೋಡೆಗಳನ್ನು ದಾಟಿಹೋದ ವಿದ್ಯುತ್ತರಂಗಗಳಿಂದ ದೂರದ ಗಂಟೆಯನ್ನು ಬಾರಿಸಿ, ಸಿಡಿಮದ್ದನ್ನು ಹೊತ್ತಿಸಿ ತೋರಿಸಿದ್ದರು. 1898ರಲ್ಲಿ ನಿಕೋಲಾ ಟೆಸ್ಲಾ ಅವರು ನ್ಯೂಯಾರ್ಕಿನಲ್ಲಿ ಜನರ ಕಣ್ಣೆದುರು ಪುಟ್ಟ ದೋಣಿಯೊಂದನ್ನು ಹಾಗೆಯೇ ನಡೆಸಿದರು. ದೋಣಿಗೆ ಆಜ್ಞೆ ತಪ್ಪಿದರೆ ಅದು ನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ವಿಮಾನಕ್ಕೆ ಆ ಭಾಗ್ಯವಿಲ್ಲ.

ಆಜ್ಞೆಯು ತಪ್ಪುವುದಾದರೂ ಹೇಗೆ? ವಾಚಕರು ಕೂಡಲೇ ರೇಡಿಯೋ ಅಲೆಯ ಮೇಲೆ ತಪ್ಪು ಹೊರಿಸಬಹುದು. ನಾವು ಮೊದಲು ಬ್ಯಾಟರಿಯತ್ತ ಬೆರಳು ತೋರಿಸುತ್ತೇವೆ. ವಿಮಾನದ ರೆಕ್ಕೆ ಬಾಲಗಳ ಚಲಿಸುವ ಪಟ್ಟಿಗಳನ್ನು ತಿರುಗಿಸಲು ಸರ್ವೋ ಎಂಬ ಪುಟ್ಟ ಮೋಟಾರುಗಳಿವೆ. ವೇಗವಾಗಿ ಹೋಗುವಾಗ ಗಾಳಿಯ ಒತ್ತಡವನ್ನೆದುರಿಸಿ ಇವೆಲ್ಲ ಏಕಕಾಲದಲ್ಲಿ ತಿರುಗಿದರೆ 10 ಆಂಪಿಯರಿನಷ್ಟು ವಿದ್ಯುತ್ತು ಬೇಕಾಗಬಹುದು. ನಾಲ್ಕು ನಿಕಲ್ ಕೋಶಗಳ ಬ್ಯಾಟರಿಯು ಕೊಡುವುದು 4.8 ವೋಲ್ಟು. ಅದರ ಒಳರೋಧವು 0.1 ಓಮ್, ತಂತಿ, ಸ್ವಿಚ್ಚು ಮತ್ತು ಕೊಂಡಿಗಳ ರೋಧವು ಇನ್ನೊಂದು 0.1 ಓಮ್ ಎಂದಿಟ್ಟುಕೊಳ್ಳೋಣ. ಓಮನ ನಿಯಮದಂತೆ 10 ಆಂಪಿಯರು ಹರಿದಾಗ ದಾರಿಯಲ್ಲಿಯೇ 2 ವೋಲ್ಟು ನಷ್ಟ. ಉಳಿದದ್ದು 2.8. ಆಜ್ಞೆಯನ್ನು ಕೇಳಿಸಿಕೊಳ್ಳಬೇಕಾದ ಗ್ರಾಹಕ ಯಂತ್ರಕ್ಕೆ 3.5 ವೋಲ್ಟಾದರೂ ಬೇಕಿದ್ದರೆ ಗತಿಯೇನು? ಅದು ಆ ಕ್ಷಣವೇ ಮೂಕವಾಗುತ್ತದೆ. ಸರ್ವೋಗಳು ನಿಂತೊಡನೆ ವೋಲ್ಟು ಮತ್ತೆ ಏರಿ ಗ್ರಾಹಕವು ಎಚ್ಚರಗೊಳ್ಳುತ್ತದೆ. ಅಷ್ಟರಲ್ಲಿ ವಿಮಾನ ಎಲ್ಲಿರುವುದೋ!

ಕೋಲಾರದ ಸೀಮೆಯ ಹುಡುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಾವಿರ ಅಡಿಗೂ ಆಳದ ಕೊಳವೆಬಾವಿಯ ಮೋಟಾರು ಚಾಲೂ ಆದೊಡನೆ ತೋಟದ ಮನೆಯ ದೀಪ ಮಂಕಾಗುವುದನ್ನು ಅವರು ದಿನವೂ ಕಂಡಿದ್ದಾರೆ. ವಿಮಾನದಲ್ಲಿಯೂ ನಡೆಯುವುದು ಅದೇ. ಬಿದ್ದ ವಿಮಾನವನ್ನು ಎತ್ತಿಕೊಂಡು ಬಂದು ನೆಲದ ಮೇಲೆ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ, ಏಕೆಂದರೆ ನೆಲದ ಮೇಲೆ ಗಾಳಿಯ ಒತ್ತಡವಿಲ್ಲ, ಸರ್ವೋಗಳಿಗೆ ಶ್ರಮವಿಲ್ಲ. ಆಗ 'ಯಾವುದೋ ಬೇರೆ ರೇಡಿಯೋ ಅಡ್ಡಬಂತು' ಎಂದು ಜನ ಸಮಾಧಾನ ಹೇಳಿಕೊಳ್ಳುತ್ತಾರೆ. ಕಾಣದ ಅಲೆಯ ಮೇಲೆ ದೂರು ಹೊರಿಸುವುದು ಸುಲಭ. ಸಡಿಲವಾದ ಕೊಂಡಿಯನ್ನು ಹುಡುಕುವುದು ಬೇಸರದ ಕೆಲಸ.

ಹಾಗೆಂದು ಅಲೆಯು ನಿರ್ದೋಷಿಯೆಂದಲ್ಲ. ಹಿಂದಿನ ಮಾದರಿಕಾರರು 27 ಮೆಗಾಹರ್ಟ್ಸ್ ಮುಂತಾದ ಕಡಮೆ ಆವರ್ತ ಸಂಖ್ಯೆಗಳನ್ನು ಬಳಸುತ್ತಿದ್ದರು. ಆ ಅಲೆಯ ಉದ್ದ ಸುಮಾರು 11 ಮೀಟರು. ಒಂದೇ ಸಂಖ್ಯೆಯಲ್ಲಿ ಇಬ್ಬರು ಒಟ್ಟಿಗೆ ಆಜ್ಞೆ ಕೊಟ್ಟರೆ ಎರಡು ವಿಮಾನಗಳೂ ಕೆಡುತ್ತಿದ್ದವು. ಆದುದರಿಂದ ಮೈದಾನದಲ್ಲಿ ಒಂದು ಹಲಗೆಯನ್ನು ನೆಟ್ಟು, ಪ್ರತಿಯೊಂದು ಸಂಖ್ಯೆಗೂ ಒಂದೊಂದು ಗೂಟವನ್ನು ತೂಗುಹಾಕುತ್ತಿದ್ದರು. ಗೂಟ ಕೈಯಲ್ಲಿದ್ದವನು ಮಾತ್ರ ಸ್ವಿಚ್ಚು ಹಾಕಬೇಕು. ಒಂಟಿ ಹಳಿಯ ರೈಲುದಾರಿಯಲ್ಲಿ ಟೋಕನ್ ಇಲ್ಲದ ಗಾಡಿ ಮುಂದಿನ ನಿಲ್ದಾಣಕ್ಕೆ ಹೊರಡಬಾರದೆಂಬ ಪದ್ಧತಿಯಿತ್ತಲ್ಲ, ಅದೇ ಬಗೆಯ ಉಪಾಯವಿದು. ಗೂಟವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುವವರೂ, ಗೂಟವಿಲ್ಲದೆ 'ಒಂದೇ ನಿಮಿಷ' ಸ್ವಿಚ್ಚು ಹಾಕಿ ನೋಡುವವರೂ ಇರುವವರೆಗೆ ಉಪಾಯವು ಪೂರ್ಣವಾಗಲಾರದು.

ಈಗ ಬಳಕೆಯಲ್ಲಿರುವುದು 2.4 ಗಿಗಾಹರ್ಟ್ಸ್ ಪಟ್ಟಿ. ನಮ್ಮ ದೇಶದಲ್ಲಿ 2005ರಿಂದ ಈ ಪಟ್ಟಿಯನ್ನು ಮಿತವಾದ ಶಕ್ತಿಯಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾಗಿದೆ. ವೈಫೈ, ಬ್ಲೂಟೂತ್‌ಗಳಿಗೂ ಇದೇ ಬೀದಿ. ಇಷ್ಟೊಂದು ಸಂದಣಿಯಲ್ಲಿ ವಿಮಾನದ ಆಜ್ಞೆ ಕೆಡದಿರುವುದು ಹೇಗೆ? ಪ್ರೇಷಕ ಯಂತ್ರವು ಒಂದೇ ಸಂಖ್ಯೆಯಲ್ಲಿ ನಿಲ್ಲದೆ, ತನಗೂ ತನ್ನ ಗ್ರಾಹಕಕ್ಕೂ ಮಾತ್ರ ಗೊತ್ತಿರುವ ಕ್ರಮದಲ್ಲಿ ಕ್ಷಣಕ್ಷಣಕ್ಕೂ ಒಂದರಿಂದೊಂದಕ್ಕೆ ಜಿಗಿಯುತ್ತ ಹೋಗುತ್ತದೆ. ಒಂದು ಕಡೆ ಗದ್ದಲವಿದ್ದರೂ ಮುಂದಿನ ಜಿಗಿತದಲ್ಲಿ ಆಜ್ಞೆ ತಲುಪುತ್ತದೆ. ಈ ಜಿಗಿತದ ಕಲ್ಪನೆಯೊಂದಕ್ಕೆ 1942ರಲ್ಲಿಯೇ ಅಮೆರಿಕದಲ್ಲಿ ಪೇಟೆಂಟು ದೊರೆತಿತ್ತು. ಪಡೆದವರು ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್. ಉದ್ದೇಶವು ಶತ್ರುಗಳು ಕೆಡಿಸಲಾರದಂತೆ ಟಾರ್ಪೆಡೋವನ್ನು ರೇಡಿಯೋದಿಂದ ನಡೆಸುವುದು. ಪಿಯಾನೋ ವಾದ್ಯದ ಕೀಲಿಗಳಷ್ಟೇ, ಅಂದರೆ 88 ಸಂಖ್ಯೆಗಳ ನಡುವೆ ಜಿಗಿಯುವ ಯೋಜನೆ ಅವರದು.

ಆದರೆ ಹೊಸ ಅಲೆಯು ಹೊಸ ದೌರ್ಬಲ್ಯವನ್ನೂ ತಂದಿದೆ. ಅದರ ಉದ್ದ ಹನ್ನೆರಡೂವರೆ ಸೆಂಟಿಮೀಟರು ಮಾತ್ರ. ಇಂಥ ಚಿಕ್ಕ ಅಲೆಯು ಬೆಳಕಿನಂತೆ ಹೆಚ್ಚುಕಡಮೆ ನೇರವಾಗಿ ಸಾಗುತ್ತದೆ. ಅಡ್ಡಬಂದ ವಸ್ತುವನ್ನು ಬಳಸಿಕೊಂಡು ಹೋಗುವ ಶಕ್ತಿ ಅದಕ್ಕೆ ಕಡಮೆ. ಕಲ್ಲು ತಡೆಯುತ್ತದೆ, ನೀರು ಹೀರುತ್ತದೆ. ಈ ದೃಷ್ಟಿಯಿಂದ ನಮ್ಮ ನಾಲ್ಕು ತಾಲ್ಲೂಕುಗಳನ್ನೇ ಒಮ್ಮೆ ನೋಡಿರಿ. ಮುಳಬಾಗಿಲಿನಲ್ಲಿ ಆವನಿ, ಕುರುಡುಮಲೆಗಳ ಹೆಬ್ಬಂಡೆಗಳು. ವಿಮಾನವು ಅಂಥ ಬಂಡೆಯ ಮರೆಗೆ ಸರಿದರೆ ಆಜ್ಞೆಯೂ ಮರೆಯಾಯಿತು. ಕೋಲಾರಕ್ಕೆ ಅಂತರಗಂಗೆಯ ಬೆಟ್ಟದ ಸಾಲು. ಮಾಲೂರಿನ ನೀಲಗಿರಿ ತೋಪುಗಳೂ ಶ್ರೀನಿವಾಸಪುರದ ಮಾವಿನ ತೋಪುಗಳೂ ನೋಡುವುದಕ್ಕೆ ತೆಳ್ಳಗಿನ ಎಲೆಗಳ ರಾಶಿ, 2.4 ಗಿಗಾಹರ್ಟ್ಸ್ ಅಲೆಗೆ ಅವು ನೀರು ತುಂಬಿದ ಪರದೆಗಳು. ಹಾರಿಸುವವನ ಮುಂದೆ ಗುಂಪುಗೂಡುವ ಪ್ರೇಕ್ಷಕರೂ ಹಾಗೆಯೇ, ಮನುಷ್ಯನ ಮೈಯಲ್ಲಿ ಬಹುಪಾಲು ನೀರೇ ಅಲ್ಲವೆ?

ವಿಮಾನದ ಮೈಯೂ ಶತ್ರುವಾಗಬಹುದು. ಜೆಟ್ ಮಾದರಿಗಳ ಒಡಲನ್ನು ಬಲಕ್ಕಾಗಿ ಕಾರ್ಬನ್ ನಾರಿನಿಂದ ಮಾಡುವುದುಂಟು. ಅದು ವಿದ್ಯುದ್ವಾಹಕವಾದುದರಿಂದ ಒಳಗಿರುವ ಏರಿಯಲ್ಲನ್ನು ಲೋಹದ ಡಬ್ಬಿಯಂತೆ ಮುಚ್ಚಿಬಿಡುತ್ತದೆ. ಗ್ರಾಹಕದ ಏರಿಯಲ್ಲಿನ ಕೆಲಸಮಾಡುವ ಭಾಗವು ಅಲೆಯ ಉದ್ದದ ಕಾಲುಪಾಲು, ಅಂದರೆ ಕೇವಲ 3 ಸೆಂಟಿಮೀಟರು. ಅಷ್ಟನ್ನು ಒಡಲಿನ ಹೊರಗೆ ತರಬೇಕು. ಎರಡು ಏರಿಯಲ್ಲುಗಳನ್ನು ಒಂದಕ್ಕೊಂದು ಲಂಬವಾಗಿ ಇಡಬೇಕು, ಏಕೆಂದರೆ ಏರಿಯಲ್ಲು ತನ್ನ ತುದಿಯ ದಿಕ್ಕಿನಲ್ಲಿ ಕಿವುಡು. ಇದೇ ಕಾರಣದಿಂದ ಕೈಯಲ್ಲಿರುವ ಪ್ರೇಷಕದ ಏರಿಯಲ್ಲನ್ನು ಬಂದೂಕಿನಂತೆ ವಿಮಾನದತ್ತ ಗುರಿಯಿಡುವುದು ತಪ್ಪು. ಹೊಸಬರೆಲ್ಲರೂ ಮಾಡುವುದು ಅದನ್ನೇ.

ಹಾರಿಸುವ ಮೊದಲು ದೂರದ ಪರೀಕ್ಷೆ ಮಾಡುವ ವಾಡಿಕೆಯಿದೆ. ಪ್ರೇಷಕದ ಶಕ್ತಿಯನ್ನು ಬೇಕೆಂದೇ ಇಳಿಸಿ, ವಿಮಾನದಿಂದ ದೂರ ನಡೆಯುತ್ತ ಆಜ್ಞೆ ತಲುಪುತ್ತಿದೆಯೇ ಎಂದು ನೋಡುವುದು. ದೂರವು ಎರಡರಷ್ಟಾದರೆ ತಲುಪುವ ಶಕ್ತಿಯು ನಾಲ್ಕನೆಯ ಒಂದು ಪಾಲಾಗುತ್ತದೆ. ಆದುದರಿಂದ ಶಕ್ತಿಯನ್ನು ಸಾವಿರದ ಒಂದು ಪಾಲಿಗೆ ಇಳಿಸಿದಾಗ 30 ಮೀಟರು ದೂರದಲ್ಲಿ ಆಜ್ಞೆ ಸ್ಪಷ್ಟವಾಗಿ ತಲುಪಿದರೆ, ಪೂರ್ಣಶಕ್ತಿಯಲ್ಲಿ ಸಾವಿರದ ವರ್ಗಮೂಲದಷ್ಟು, ಅಂದರೆ ಸುಮಾರು 31 ಪಟ್ಟು ಹೆಚ್ಚು ದೂರ ತಲುಪಬೇಕು. ಒಂದು ಕಿಲೋಮೀಟರಿಗೆ ಸ್ವಲ್ಪ ಕಡಮೆ. ಎಂಜಿನ್ ನಡೆಯುತ್ತಿರುವಾಗ ಒಮ್ಮೆ, ನಿಂತಿರುವಾಗ ಒಮ್ಮೆ, ಹೀಗೆ ಎರಡು ಸಲ ಈ ಪರೀಕ್ಷೆಯನ್ನು ಮಾಡಬೇಕು. ಎರಡರ ಫಲವೂ ಒಂದೇ ಆಗದಿದ್ದರೆ ಎಂಜಿನ್ನಿನ ಪಂಪು ಅಥವಾ ಅದರ ವಿದ್ಯುತ್ಸಾಧನಗಳು ಗದ್ದಲ ಮಾಡುತ್ತಿವೆ ಎಂದು ಅರ್ಥ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಆಜ್ಞೆ ತಪ್ಪಿಯೇ ತಪ್ಪುತ್ತದೆ. ಗಣಿತವು ಈ ಮಾತನ್ನು ನಿಷ್ಠುರವಾಗಿ ಹೇಳುತ್ತದೆ. ಬ್ಯಾಟರಿ, ಸ್ವಿಚ್ಚು, ಗ್ರಾಹಕ, ಸರ್ವೋಗಳು ಹೀಗೆ ಹತ್ತು ಭಾಗಗಳು ಸರಪಳಿಯ ಕೊಂಡಿಗಳಂತೆ ಇದ್ದು, ಪ್ರತಿಯೊಂದೂ ಸಾವಿರ ಹಾರಾಟಗಳಿಗೆ ಒಮ್ಮೆ ಮಾತ್ರ ಕೆಡುವಷ್ಟು ಉತ್ತಮವಾಗಿದೆಯೆಂದು ಭಾವಿಸೋಣ. 0.999ನ್ನು ಹತ್ತು ಸಲ ಗುಣಿಸಿದರೆ ಬರುವುದು ಸುಮಾರು 0.99. ಎಂದರೆ ನೂರು ಹಾರಾಟಗಳಿಗೊಮ್ಮೆ ವಿಮಾನ ಹತೋಟಿ ತಪ್ಪಬಹುದು. ಭಾಗಗಳನ್ನು ಜೋಡಿಯಾಗಿ ಇಟ್ಟರೆ ಲೆಕ್ಕ ಬದಲಾಗುತ್ತದೆ. ಎರಡು ಬ್ಯಾಟರಿಗಳಲ್ಲಿ ಒಂದೊಂದೂ ಸಾವಿರಕ್ಕೊಮ್ಮೆ ಕೆಡುವುದಾದರೆ ಎರಡೂ ಒಟ್ಟಿಗೆ ಕೆಡುವುದು ಹತ್ತು ಲಕ್ಷಕ್ಕೊಮ್ಮೆ. ಈ ದೊಡ್ಡ ಸಂಖ್ಯೆಯನ್ನು ಕಂಡು ಹಿಗ್ಗಬೇಡಿ. ಎರಡಕ್ಕೂ ಸೇರಿ ಒಂದೇ ಸ್ವಿಚ್ಚನ್ನು ಹಾಕಿದ್ದರೆ? ಹಿಂದಿನ ರಾತ್ರಿ ಎರಡನ್ನೂ ಚಾರ್ಜಿಗೆ ಹಾಕಲು ಮರೆತಿದ್ದರೆ? ಒಂದರ ಕೇಡು ಇನ್ನೊಂದಕ್ಕೆ ಸಂಬಂಧಿಸದಿದ್ದಾಗ ಮಾತ್ರ ಗುಣಾಕಾರವು ಸಲ್ಲುತ್ತದೆ. ಜೋಡಿಯನ್ನು ಕಟ್ಟುವುದು ಸುಲಭ, ಅವುಗಳನ್ನು ನಿಜವಾಗಿ ಬೇರೆಬೇರೆಯಾಗಿ ಇಡುವುದು ಕಷ್ಟ.

ಹೀಗಿರುವಾಗ ಸುರಕ್ಷತೆಯನ್ನು ಆಜ್ಞೆ ತಲುಪುವುದರ ಮೇಲೆ ಮಾತ್ರ ನಿಲ್ಲಿಸುವಂತಿಲ್ಲ; ಆಜ್ಞೆ ತಲುಪದಿದ್ದಾಗ ಯಂತ್ರವು ಏನು ಮಾಡುವುದೆಂಬುದನ್ನು ಮೊದಲೇ ನಿಶ್ಚಯಿಸಿಡಬೇಕು. ಇದಕ್ಕೆ ಫೇಲ್‌ಸೇಫ್ ಎಂದು ಹೆಸರು. ಹಳೆಯ ಗ್ರಾಹಕಗಳು ಅಲೆ ತಪ್ಪಿದರೆ ಗದ್ದಲವನ್ನೇ ಆಜ್ಞೆಯೆಂದು ತಿಳಿದು ಸರ್ವೋಗಳನ್ನು ಮನಬಂದಂತೆ ಕುಣಿಸುತ್ತಿದ್ದವು. ಅನಂತರ ಬಂದವು ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡಿರುತ್ತಿದ್ದವು. ಅರ್ಧ ಸೆಕೆಂಡಿನ ಮೌನಕ್ಕೆ ಇದು ಒಳ್ಳೆಯ ಉಪಾಯ. ಹತ್ತು ಸೆಕೆಂಡಿನ ಮೌನಕ್ಕೆ ಇದೇ ಅಪಾಯ. ಕೊನೆಯ ಆಜ್ಞೆ 'ಪೂರ್ಣ ವೇಗ' ಎಂದಿದ್ದರೆ ಸೀಮೆಎಣ್ಣೆ ಮುಗಿಯುವವರೆಗೂ ಜೆಟ್ ಪೂರ್ಣ ವೇಗದಲ್ಲೇ ಓಡುತ್ತದೆ. ಈಗಿನ ಪದ್ಧತಿಯಲ್ಲಿ ಸ್ವಲ್ಪ ಕಾಲ ಕಾದು, ಆಜ್ಞೆ ಬರದಿದ್ದರೆ ಎಂಜಿನನ್ನು ಮಂದಗತಿಗೆ ಇಳಿಸಿ ಅಥವಾ ನಿಲ್ಲಿಸಿ, ಪಟ್ಟಿಗಳನ್ನು ಗೊತ್ತಾದ ನೆಲೆಗೆ ತರುತ್ತಾರೆ. ಬ್ರಿಟನ್ನಿನಲ್ಲಿ 7 ಕಿಲೋಗ್ರಾಮಿಗೆ ಮೀರಿದ, ಎಂಜಿನ್ನುಳ್ಳ ಮಾದರಿಗಳಿಗೆ ಕನಿಷ್ಠಪಕ್ಷ ಮಂದಗತಿಗೆ ಇಳಿಯುವ ಏರ್ಪಾಡು ಇರಲೇಬೇಕೆಂದು ಕಟ್ಟಳೆಯಿದೆ.

ಇದರಲ್ಲೊಂದು ನಿಷ್ಠುರವಾದ ಆಯ್ಕೆಯಿದೆ. ಎಂಜಿನ್ ನಿಲ್ಲಿಸಿದರೆ ವಿಮಾನ ಬಹುಶಃ ನಾಶವಾಗುತ್ತದೆ, ಆದರೆ ಹತ್ತಿರದಲ್ಲೇ, ನಾವು ಆರಿಸಿದ ಬಯಲಿನಲ್ಲೇ ಬೀಳುತ್ತದೆ. ನಿಲ್ಲಿಸದಿದ್ದರೆ ಅಲೆಯು ಮರಳಿ ಸಿಕ್ಕಿ ಅದು ಉಳಿದೀತು, ಇಲ್ಲವೆ ಮುಂದಿನ ಹಳ್ಳಿಯನ್ನು ಮುಟ್ಟೀತು. ತಿಂಗಳುಗಟ್ಟಲೆ ದುಡಿದು ಕಟ್ಟಿದವನ ಮನಸ್ಸು ಎರಡನೆಯದರತ್ತ ಎಳೆಯುವುದು ಸಹಜ. ಫೇಲ್‌ಸೇಫ್ ವಿಮಾನವನ್ನು ಉಳಿಸುವುದಕ್ಕಾಗಿ ಇದೆಯೆಂಬ ಭ್ರಮೆಯನ್ನು ಬಿಡಬೇಕು. ಅದು ಇರುವುದು ಕೆಳಗೆ ನಿಂತವರಿಗಾಗಿ. ಇಂಥದೇ ಕಾರಣಕ್ಕೆ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯ ಜೆಟ್ ಎಂಜಿನ್ನನ್ನು ಹೊತ್ತು, ಸೇನೆಯ ಗುರಿಯಭ್ಯಾಸಕ್ಕಾಗಿ ಹಾರುವ 'ಲಕ್ಷ್ಯ' ವಿಮಾನವನ್ನು ಒರಿಸ್ಸಾದ ಚಾಂದೀಪುರದ ಕಡಲ ಮೇಲೆ ಹಾರಿಸಿ, ಪ್ಯಾರಾಷೂಟಿನಿಂದ ಇಳಿಸುತ್ತಿದ್ದರು.

ಫೇಲ್‌ಸೇಫನ್ನು ತಪ್ಪಾಗಿ ಹೊಂದಿಸಿದರೆ ಅದಿಲ್ಲದಿರುವುದಕ್ಕಿಂತ ಕೇಡು. ಕೆಲವು ಗ್ರಾಹಕಗಳು ಪ್ರೇಷಕದೊಡನೆ ಮೊದಲು ಜೋಡಿಯಾಗುವ ಹೊತ್ತಿನಲ್ಲಿ ಸನ್ನೆಕಡ್ಡಿಗಳು ಎಲ್ಲಿದ್ದವೋ ಅದನ್ನೇ ರಕ್ಷಾಸ್ಥಿತಿಯೆಂದು ನೆನಪಿಟ್ಟುಕೊಳ್ಳುತ್ತವೆ. ಆಗ ವೇಗದ ಕಡ್ಡಿ ಮೇಲಿದ್ದರೆ, ಆಜ್ಞೆ ತಪ್ಪಿದ ದಿನ ಎಂಜಿನ್ ಆರ್ಭಟಿಸಿ ಏಳುತ್ತದೆ. ಪುಸ್ತಕ ಓದಿ ಇದನ್ನು ಖಚಿತಪಡಿಸಿಕೊಳ್ಳಲಾಗದು. ವಿಮಾನವನ್ನು ಭದ್ರವಾಗಿ ಹಿಡಿದು, ಎಂಜಿನ್ ಹೊತ್ತಿಸದೆ, ಪ್ರೇಷಕದ ಸ್ವಿಚ್ಚನ್ನು ಆರಿಸಿ ಕಣ್ಣಾರೆ ನೋಡಬೇಕು.

ಇನ್ನು ಬೆಂಕಿಯ ಮಾತು. ಮಾಲೂರಿನ ನೀಲಗಿರಿ ತೋಪಿನಲ್ಲಿ ಬೇಸಗೆಯಲ್ಲಿ ನೆಲ ಕಾಣದಷ್ಟು ಒಣ ಎಲೆ, ಎಣ್ಣೆಯಂಶವಿರುವ ಎಲೆ. ಅಲ್ಲಿ ಬಿದ್ದ ಬಿಸಿ ಟರ್ಬೈನು ಉರುಳಿಗಟ್ಟಿದ ಬೆಂಕಿಯೇ ಸರಿ. ಏಪ್ರಿಲಿನಿಂದ ಮುಂದೆ ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಕಾಯುವವರೂ ಕೀಳುವವರೂ ಮರದ ಕೆಳಗೇ ಇರುತ್ತಾರೆ, ಮೇಲಿನಿಂದ ಕಾಣುವುದಿಲ್ಲ. ಹಾಗಾದರೆ ಹಾರಿಸುವುದೆಲ್ಲಿ? ಒಣಕೆರೆಯ ಅಂಗಳ ಎಂದು ಹಿಂದಿನವರು ಹೇಳಬಹುದಾಗಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿದ ಮೇಲೆ ಹಲವು ಅಂಗಳಗಳು ಮತ್ತೆ ಕೆರೆಗಳಾಗಿವೆ. ವಿಮಾನಕ್ಕೆ ಜಾಗ ಕಡಮೆಯಾಯಿತೆಂದು ಇದಕ್ಕೆ ಯಾರೂ ಮರುಗಲಾರರು. ಹಾರಿಸುವವರು ಮಾತ್ರ ಹಳೆಯ ನೆನಪನ್ನು ನಂಬದೆ, ಜಾಗವನ್ನು ಪ್ರತಿ ಸಲವೂ ನಡೆದು ನೋಡಬೇಕು.

2021ರ ಡ್ರೋನ್ ನಿಯಮಗಳು ಮಾದರಿ ವಿಮಾನವನ್ನು 25 ಕಿಲೋಗ್ರಾಂ ಮೀರದ್ದು, ಶಿಕ್ಷಣ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಇಲ್ಲವೆ ವಿನೋದಕ್ಕಾಗಿ ಕಣ್ಣಿಗೆ ಕಾಣುವಷ್ಟು ದೂರದೊಳಗೆ ಹಾರಿಸುವಂಥದು ಎಂದು ವಿವರಿಸಿವೆ. ಹಸಿರು ವಲಯದ ಎತ್ತರ 400 ಅಡಿ. 'ಕಣ್ಣಿಗೆ ಕಾಣುವಷ್ಟು' ಎಂಬ ಮಾತನ್ನು ಹಗುರವಾಗಿ ಎಣಿಸಬಾರದು. 2 ಮೀಟರು ಉದ್ದದ ಜೆಟ್ 500 ಮೀಟರು ದೂರದಲ್ಲಿ ಹುಣ್ಣಿಮೆಯ ಚಂದ್ರನ ಅಗಲದ ಅರ್ಧದಷ್ಟೂ ಕಾಣುವುದಿಲ್ಲ. ಅದು ನಮ್ಮತ್ತ ಬರುತ್ತಿದೆಯೋ ದೂರ ಹೋಗುತ್ತಿದೆಯೋ ತಿಳಿಯದೆ ತಪ್ಪು ಆಜ್ಞೆ ಕೊಡುವುದೂ ಉಂಟು. ಅಂಥ ಆಜ್ಞೆಯನ್ನು ರೇಡಿಯೋ ಪ್ರಾಮಾಣಿಕವಾಗಿ ತಲುಪಿಸುತ್ತದೆ.

ಮನೆಯಲ್ಲಿ ಮಾಡಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇವೆ. ರೇಡಿಯೋದಿಂದ ನಡೆಯುವ ಆಟಿಕೆ ಕಾರೊಂದನ್ನು ಎರಡು ಇಟ್ಟಿಗೆಗಳ ಮೇಲೆ, ಚಕ್ರಗಳು ನೆಲ ಮುಟ್ಟದಂತೆ ಇಡಿರಿ. ಚಕ್ರ ತಿರುಗುತ್ತಿರುವಂತೆಯೇ ಕೈಯಲ್ಲಿರುವ ಪ್ರೇಷಕದ ಬ್ಯಾಟರಿಯನ್ನು ತೆಗೆಯಿರಿ. ಚಕ್ರ ಕೂಡಲೇ ನಿಂತಿತೆ, ತಡೆದು ನಿಂತಿತೆ, ಅಥವಾ ತಿರುಗುತ್ತಲೇ ಇತ್ತೆ? ಗಡಿಯಾರ ನೋಡಿ ಸೆಕೆಂಡುಗಳನ್ನು ಬರೆದುಕೊಳ್ಳಿರಿ. ಬಳಿಕ ಪ್ರೇಷಕಕ್ಕೆ ಬ್ಯಾಟರಿ ಹಾಕಿ, ಕಾರಿನ ಮೇಲೆ ಒದ್ದೆಯ ಗೋಣಿಚೀಲವನ್ನು ಹೊದಿಸಿ ಎಷ್ಟು ದೂರದವರೆಗೆ ಆಜ್ಞೆ ತಲುಪುತ್ತದೆಂದು ಅಳೆಯಿರಿ. ಗೋಣಿಯನ್ನು ಒಣಗಿಸಿ ಮತ್ತೊಮ್ಮೆ ಅಳೆಯಿರಿ. ಕೊನೆಗೆ ಕಾರಿನೊಳಗೆ ಸವೆದ ಬ್ಯಾಟರಿಗಳನ್ನು ಹಾಕಿ, ಚಕ್ರವನ್ನು ಬಟ್ಟೆಯಿಂದ ಮೆಲ್ಲಗೆ ಒತ್ತಿ ಹಿಡಿದು ನೋಡಿರಿ. ಚಕ್ರಕ್ಕೆ ಶ್ರಮವಾದೊಡನೆ ಕಾರು ಆಜ್ಞೆಯನ್ನು ಮರೆಯುವುದಾದರೆ, ಮೇಲೆ ಲೆಕ್ಕ ಹಾಕಿದ ಆ 2.8 ವೋಲ್ಟು ಅಂಗೈಯ ಮುಂದೆಯೇ ಕಾಣಿಸಿಕೊಂಡಿದೆ.